ಕಾಲಿಗೆ ಸಿಗದ ಟೋನ್

ಶಿಷ್ಯೆ: ಮೇಷ್ಟ್ರೇ, ಗಿಟಾರ್ ಪ್ರೀಸೆಟ್ ಜೋಡಿಸಿಡೋ ನಮ್ಮ ತಂತ್ರಾಂಶ ಬಳಸಿದವರು ಬರೆದು ಕಳಿಸಿದ್ದನ್ನೆಲ್ಲ ಪಟ್ಟಿ ಮಾಡ್ಕೊಂಡು ಬಂದಿದೀನಿ. ಓದ್ತೀನಿ, ಕೇಳಿ. ‘ಪ್ರೀಸೆಟ್ ಇಡೋಕೆ ಇನ್ನೂ ಹೆಚ್ಚು ಫೋಲ್ಡರ್ ಬೇಕು.’ ‘ಫೋಲ್ಡರ್ ತೆಗೆದುಹಾಕಿ, ಟ್ಯಾಗ್ ಕೊಡಿ.’ ‘ಎಲ್ಲ ಪ್ರೀಸೆಟ್‌ಗಳ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ.’ ‘ಒಂದೇ ಥರ ಇರೋದನ್ನ ತಾನಾಗೇ ಅಳಿಸೋ ಹಾಗೆ ಮಾಡಿ.’ ‘ಪೆಡಲ್ ಒತ್ತಿದರೆ ಪಕ್ಕದ ಪ್ರೀಸೆಟ್ ಬರುತ್ತೆ, ನಿಮ್ಮ ತಂತ್ರಾಂಶ ಸರಿಯಿಲ್ಲ.’ ಒಬ್ಬರಂತೂ ಒಂದೇ ಪದ ಬರೆದಿದಾರೆ: ‘ಗೋಜಲು.’

ಮೇಷ್ಟ್ರು: ಆ ಕೊನೇದು ನನಗೆ ಹಿಡಿಸ್ತು. ಮಿಕ್ಕವರೆಲ್ಲ ಔಷಧಿ ಹೆಸರು ಬರೆದಿದಾರೆ. ಇವನೊಬ್ಬ ಕಾಯಿಲೆ ಬರೆದಿದಾನೆ.

ಶಿಷ್ಯೆ: ‘ಗೋಜಲು’ ಅನ್ನೋದನ್ನ ಇಟ್ಕೊಂಡು ನಾನು ಏನು ಕೋಡ್ ಬರೀಲಿ? ಔಷಧಿ ಹೆಸರು ಕೊಟ್ಟವರ ಮಾತಲ್ಲಿ ಮಾಡೋಕೆ ಕೆಲಸ ಸಿಗುತ್ತೆ. ಫೋಲ್ಡರ್ ಕೇಳಿದಾರೆ, ಫೋಲ್ಡರ್ ಕೊಡಬಹುದು.

ಮೇಷ್ಟ್ರು: ಕೊಡು. ಆಮೇಲೆ ಅವರೇ ಬಂದು ಫೋಲ್ಡರ್ ಒಳಗೆ ಹುಡುಕೋಕೆ ಆಗ್ತಿಲ್ಲ ಅಂತಾರೆ. ಈ ಪ್ರೀಸೆಟ್‌ಗಳು ಇಷ್ಟೊಂದು ಯಾಕಾದವು, ಅಲ್ಲಿಂದ ಶುರು ಮಾಡೋಣ. ನಾವು ಕಲಿಯೋ ಕಾಲಕ್ಕೆ ಆಂಪ್‌ನಲ್ಲಿ ಎರಡು ಚಾನೆಲ್. ಒಂದು ಕ್ಲೀನ್, ಒಂದು ಡ್ರೈವ್. ನಾಬ್‌ಗಳ ಸುತ್ತ ಬಿಳಿ ಟೇಪ್ ಅಂಟಿಸಿ, ಗೇನ್ ಎಲ್ಲಿ ನಿಲ್ಲಬೇಕು, ಟ್ರೆಬಲ್ ಎಲ್ಲಿ ನಿಲ್ಲಬೇಕು ಅಂತ ಪೆನ್ನಲ್ಲಿ ಗೆರೆ ಎಳೀತಿದ್ವಿ. ನೆನಪಿಡಬೇಕಾದ್ದು ಅಷ್ಟೇ ಇತ್ತು.

ಶಿಷ್ಯೆ: ಆ ಗೆರೆಗಳೇ ಈಗ ಸಂಖ್ಯೆಗಳಾಗಿವೆ. ಅಮೆರಿಕದ ಲೈನ್ 6 ಕಂಪನಿ 1998ರಲ್ಲಿ ಪಾಡ್ ಅನ್ನೋ ಕೆಂಪು ಪೆಟ್ಟಿಗೆ ತಂತು. ಹಲವು ಆಂಪ್‌ಗಳ ನಡವಳಿಕೆಯನ್ನ ಲೆಕ್ಕದಲ್ಲೇ ಅನುಕರಿಸೋ ಯಂತ್ರ. ಯಾವ ಆಂಪ್, ಗೇನ್ ಎಷ್ಟು, ಯಾವ ಸ್ಪೀಕರ್ ಕ್ಯಾಬಿನೆಟ್, ಡಿಲೇ ಎಷ್ಟು ಮಿಲಿಸೆಕೆಂಡ್, ರಿವರ್ಬ್ ಎಷ್ಟು, ಎಲ್ಲ ಬರೀ ಸಂಖ್ಯೆ. ಆ ಸಂಖ್ಯೆಗಳ ಕಟ್ಟೇ ಪ್ರೀಸೆಟ್. ನೀವು ಆರ್ಕೆಸ್ಟ್ರಾದವರು ಪ್ಯಾಚ್ ಅಂತೀರಲ್ಲ, ಅದೇ. ಸಂಖ್ಯೆ ಉಳಿಸಿಡೋಕೆ ಹೆಚ್ಚು ಖರ್ಚಿಲ್ಲ. ಅದಕ್ಕೇ ಅದೇ ಕಂಪನಿ 2015ರಲ್ಲಿ ತಂದ ಹೀಲಿಕ್ಸ್‌ನಲ್ಲಿ ಎಂಟು ಸೆಟ್‌ಲಿಸ್ಟ್, ಒಂದೊಂದರಲ್ಲಿ 128 ಪ್ರೀಸೆಟ್, ಒಟ್ಟು 1024. ಜರ್ಮನಿಯ ಕೆಂಪರ್ ಪ್ರೊಫೈಲರ್‌ನಲ್ಲಿ ವೇದಿಕೆಗೆ ಅಂತಲೇ 125 ಪರ್ಫಾರ್ಮೆನ್ಸ್, ಒಂದೊಂದಕ್ಕೆ ಐದು ಸ್ಲಾಟ್. ಅಲ್ಲಿಗೆ 625 ಆಯ್ತು. ಇದರ ಮೇಲೆ, ಬೇರೆಯವರು ಮಾಡಿಟ್ಟದ್ದನ್ನ ಇಳಿಸಿಕೊಳ್ಳೋಕೆ ದೊಡ್ಡ ಕಂಪನಿಗಳದ್ದೆಲ್ಲ ಒಂದೊಂದು ಭಂಡಾರ ಇದೆ.

ಮೇಷ್ಟ್ರು: ಗಣೇಶನ ಹಬ್ಬದ ಒಂದು ರಾತ್ರಿಯಲ್ಲಿ ನಾನು ಬಳಸೋದು ಬೆರಳೆಣಿಕೆಯಷ್ಟು. ‘ಗೀತಾ’ ಚಿತ್ರದ ಹಾಡಿಗೆ ಒಂದು ಕ್ಲೀನ್, ‘ಪ್ರೇಮಲೋಕ’ಕ್ಕೆ ಸ್ವಲ್ಪ ಕೋರಸ್ ಸೇರಿದ್ದು, ‘ಮುಂಗಾರು ಮಳೆ’ಗೆ ಡಿಲೇ ಇರೋದು, ಹೊಸ ಹಾಡುಗಳಿಗೆ ಒಂದು ಒರಟು ಡಿಸ್ಟಾರ್ಶನ್, ಲೀಡ್‌ಗೆ ಇನ್ನೊಂದು. ಹಾಗಂತ ನನ್ನ ಪೆಟ್ಟಿಗೆ, ಅಂದ್ರೆ ಪ್ರೊಸೆಸರ್, ಖಾಲಿ ಇಲ್ಲ. ತುಂಬಿ ತುಳುಕ್ತಿದೆ. ‘ಕ್ಲೀನ್’, ‘ಕ್ಲೀನ್ ನ್ಯೂ’, ‘ಕ್ಲೀನ್ ಫೈನಲ್’, ‘ಕ್ಲೀನ್ ಫೈನಲ್ 2’. ಯಾಕೆ ತುಂಬಿಸಿದೆ ಅಂತ ನೀನು ಕೇಳಬೇಕು.

ಶಿಷ್ಯೆ: ಯಾಕೆ?

ಮೇಷ್ಟ್ರು: ಅಳಿಸೋಕೆ ಭಯ. ‘ಕ್ಲೀನ್ ನ್ಯೂ’ನಲ್ಲಿ ಟ್ರೆಬಲ್ ಒಂದು ಗೆರೆ ಕಡಿಮೆ. ಅದನ್ನ ಒಂದು ಸಭಾಂಗಣದಲ್ಲಿ ಸೌಂಡ್ ಚೆಕ್ ಹೊತ್ತಲ್ಲಿ ಮಾಡಿದ್ದು. ಗೋಡೆಗೆಲ್ಲ ಗ್ಲೇಜ್ ಟೈಲ್ಸ್, ಕಿವಿಗೆ ಚುಚ್ತಿತ್ತು, ಅದಕ್ಕೆ ತಗ್ಗಿಸಿದೆ. ಆದರೆ ಆ ಕಾರಣ ಪ್ರೊಸೆಸರ್‌ನಲ್ಲಿ ಎಲ್ಲೂ ಬರೆದಿಲ್ಲ. ಸಂಖ್ಯೆ ಉಳೀತು, ಕಾರಣ ಹೋಯ್ತು. ಈಗ ಆ ಇನ್ನೊಬ್ಬರು ‘ಒಂದೇ ಥರ ಇರೋದನ್ನ ತಾನಾಗೇ ಅಳಿಸಿ’ ಅಂತ ಕೇಳಿದಾರಲ್ಲ, ನೀನು ಅದನ್ನ ಮಾಡಿಕೊಟ್ಟರೆ ಮೊದಲು ಹೋಗೋದೇ ಆ ಪ್ಯಾಚ್.

ಶಿಷ್ಯೆ: ಪೂರ್ತಿ ಒಂದೇ ಇದ್ದರೆ ಮಾತ್ರ ಅಳಿಸಬಹುದು. ಎರಡು ಕಡತದ ಒಂದೊಂದು ಸಂಖ್ಯೆಯೂ ತಾಳೆ ಆಗ್ತಿದೆಯಾ ಅಂತ ಯಂತ್ರ ಕ್ಷಣದಲ್ಲಿ ಹೇಳುತ್ತೆ. ಕಷ್ಟ ಇರೋದು ‘ಹೆಚ್ಚೂಕಡಿಮೆ ಒಂದೇ’ ಅನ್ನೋದರಲ್ಲಿ. ಟ್ರೆಬಲ್‌ನಲ್ಲಿ ಒಂದು ಗೆರೆ ವ್ಯತ್ಯಾಸ ಕೈತಪ್ಪೋ ಬೇಕಂತಲೋ, ಸಂಖ್ಯೆ ನೋಡಿ ಹೇಳೋಕಾಗಲ್ಲ.

ಮೇಷ್ಟ್ರು: ಹಾಗಾದ್ರೆ ಅಳಿಸೋ ಬದಲು ಅಕ್ಕಪಕ್ಕ ಇಟ್ಟು ತೋರಿಸು. ಇದಕ್ಕೂ ಅದಕ್ಕೂ ಇರೋ ವ್ಯತ್ಯಾಸ ಇಷ್ಟೇ, ಇದನ್ನ ಕೊನೆಯ ಸಲ ಬಳಸಿದ್ದು ಇಂಥಾ ದಿನ, ಇಂಥಾ ಕಾರ್ಯಕ್ರಮದಲ್ಲಿ ಅಂತ. ಅಳಿಸೋದೋ ಬಿಡೋದೋ ನನಗೆ ಬಿಡು.

ಶಿಷ್ಯೆ: ಬರ್ಕೊಂಡೆ. ಈಗ ಪಕ್ಕದ ಪ್ರೀಸೆಟ್ ಬರುತ್ತೆ ಅಂದವರ ವಿಷಯ. ಇದರಲ್ಲಿ ನಮ್ಮ ಕೋಡ್‌ನಲ್ಲಿ ದೋಷ ಇಲ್ಲ, ಪರೀಕ್ಷೆ ಮಾಡಿದೀನಿ. ಇದರ ಬೇರು 1983ರಲ್ಲಿದೆ. ಬೇರೆ ಬೇರೆ ಕಂಪನಿಗಳ ಸಿಂಥಸೈಜರ್‌ಗಳು ಒಂದಕ್ಕೊಂದು ಮಾತಾಡಲಿ ಅಂತ ಅಮೆರಿಕದ ಡೇವ್ ಸ್ಮಿತ್, ಜಪಾನಿನ ರೋಲ್ಯಾಂಡ್ ಕಂಪನಿಯ ಇಕುತಾರೊ ಕಾಕೆಹಾಶಿ ಮುಂದೆ ನಿಂತು ಮಿಡಿ ಅನ್ನೋ ಒಪ್ಪಂದ ಮಾಡಿಸಿದರು. ‘ಇಂತಿಷ್ಟನೇ ಪ್ರೀಸೆಟ್‌ಗೆ ಹೋಗು’ ಅಂತ ಹೇಳೋ ಪ್ರೋಗ್ರಾಂ ಚೇಂಜ್ ಸಂದೇಶದಲ್ಲಿ ಸಂಖ್ಯೆಗೆ ಸಿಗೋದು ಏಳು ಬಿಟ್. ಅಂದ್ರೆ 0ಯಿಂದ 127ರವರೆಗೆ. ಆದರೆ ಕೆಲವು ಕಂಪನಿಗಳು ಜನಕ್ಕೆ ಸುಲಭ ಆಗ್ಲಿ ಅಂತ ಪರದೆ ಮೇಲೆ 1ರಿಂದ 128 ಅಂತ ತೋರಿಸ್ತವೆ. ಪೆಡಲ್ ಒಂದು ಕಂಪನಿಯದು, ಪ್ರೊಸೆಸರ್ ಇನ್ನೊಂದರದು ಆಗಿ, ಒಂದು ಸೊನ್ನೆಯಿಂದ ಎಣಿಸಿ ಇನ್ನೊಂದು ಒಂದರಿಂದ ಎಣಿಸಿದರೆ, 12 ಒತ್ತಿದವನಿಗೆ 13 ಬರುತ್ತೆ.

ಮೇಷ್ಟ್ರು: ಹೀಗಂತ ಅವನಿಗೆ ಉತ್ತರ ಬರೀತೀಯಾ? 1983, ಏಳು ಬಿಟ್, ಡೇವ್ ಸ್ಮಿತ್?

ಶಿಷ್ಯೆ: ನಿಜಾನೇ ಅಲ್ವಾ?

ಮೇಷ್ಟ್ರು: ನಿಜ. ಅವನ ಪಾಲಿಗೆ ಕೆಲಸಕ್ಕೆ ಬಾರದ ನಿಜ. ಅವನು ಲೀಡ್ ಅಂತ ಒತ್ತಿದಾನೆ, ಜನರ ಮುಂದೆ ಕ್ಲೀನ್ ಬಂದಿದೆ. ನಿನ್ನ ತಂತ್ರಾಂಶ ಸರಿಯಿಲ್ಲ ಅಂತ ಅವನು ಕಟ್ಟಿದ ಕಾರಣ ತಪ್ಪಿರಬಹುದು, ಆ ಘಟನೆ ತಪ್ಪಲ್ಲ. ದೂರಿನಲ್ಲಿ ಯಾವಾಗಲೂ ಎರಡು ಭಾಗ ಇರುತ್ತೆ ಕಣಮ್ಮ, ನಡೆದದ್ದು ಒಂದು, ಅದು ಯಾಕೆ ನಡೀತು ಅಂತ ಅವನ ಊಹೆ ಇನ್ನೊಂದು. ನೀನು ಊಹೆ ತಪ್ಪು ಅಂತ ತೋರಿಸಿ ಘಟನೆಯನ್ನೂ ತಳ್ಳಿಹಾಕ್ತಿದೀಯ.

ಶಿಷ್ಯೆ: ಹಾಗಾದ್ರೆ ಏನು ಮಾಡಬೇಕು? ಎರಡು ಕಂಪನಿಗಳ ಎಣಿಕೆಯನ್ನ ನಾನು ಬದಲಾಯಿಸೋಕಾಗಲ್ಲ.

ಮೇಷ್ಟ್ರು: ಪೆಡಲ್ ಜೋಡಿಸಿದಾಗ ಒಂದೇ ಒಂದು ಸಲ ಕೇಳು: ‘ಈಗ ಒಂದನೇ ಸ್ವಿಚ್ ಒತ್ತಿ. ಪ್ರೊಸೆಸರ್ ಪರದೆಯಲ್ಲಿ ಯಾವ ಹೆಸರು ಬಂತು?’ ಅವನು ಹೆಸರು ಆರಿಸಲಿ. ಒಂದು ಹೆಚ್ಚಿದೆಯೋ ಕಡಿಮೆ ಇದೆಯೋ ನಿನ್ನ ತಂತ್ರಾಂಶ ತಾನೇ ತಿಳ್ಕೊಂಡು ಆಮೇಲಿಂದ ಸರಿಮಾಡಿ ಕಳಿಸಲಿ. ಅವನಿಗೆ ಸೊನ್ನೆ ಅನ್ನೋದೇ ಗೊತ್ತಾಗೋದು ಬೇಡ.

ಶಿಷ್ಯೆ: ಇದು ಸುಲಭ. ಫೋಲ್ಡರ್ ಮತ್ತು ಟ್ಯಾಗ್ ಜಗಳ ಇಷ್ಟು ಸುಲಭ ಅಲ್ಲ. ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ. ಇಬ್ಬರೂ ಸಿಟ್ಟಲ್ಲೇ ಬರೆದಿದಾರೆ.

ಮೇಷ್ಟ್ರು: ನಾನು ಹಗಲು ಹೊತ್ತು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡಿದವನು, ಈ ಜಗಳ ನನಗೆ ಹಳೇದು. ಎಸ್. ಆರ್. ರಂಗನಾಥನ್ ಹೆಸರು ಕೇಳಿದೀಯಾ?

ಶಿಷ್ಯೆ: ಗ್ರಂಥಾಲಯ ಶಾಸ್ತ್ರದವರು. ಬೆಂಗಳೂರಿನಲ್ಲಿ ಸಂಸ್ಥೆ ಕಟ್ಟಿದರು ಅಂತ ಗೊತ್ತು.

ಮೇಷ್ಟ್ರು: ಹೂಂ, ಡಿ.ಆರ್.ಟಿ.ಸಿ. ಅಂತ, 1962ರಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗ್ರಂಥಪಾಲಕರಾಗಿದ್ದವರು, ಕೊನೆಗಾಲ ಕಳೆದದ್ದು ಬೆಂಗಳೂರಲ್ಲೇ, 1972ರಲ್ಲಿ ತೀರ್ಕೊಂಡರು. 1933ರಲ್ಲಿ ಅವರು ಕೋಲನ್ ವರ್ಗೀಕರಣ ತಂದರು. ಅದಕ್ಕೆ ಮುಂಚೆ ಒಂದು ವಿಷಯ ಅಂದ್ರೆ ಒಂದು ದೊಡ್ಡ ಮರದ ಒಂದು ಕೊಂಬೆ, ಅದಕ್ಕೆ ಒಂದೇ ಜಾಗ. ರಂಗನಾಥನ್ ಹಾಗಲ್ಲ ಅಂದರು. ಒಂದು ಪುಸ್ತಕಕ್ಕೆ ಹಲವು ಮುಖ ಇರುತ್ತೆ. ಯಾವ ವಸ್ತುವಿನ ಬಗ್ಗೆ, ಅದು ಯಾವುದರಿಂದ ಆದದ್ದು, ಅದರಲ್ಲಿ ಏನು ಕ್ರಿಯೆ ನಡೀತಿದೆ, ಎಲ್ಲಿ, ಯಾವಾಗ. ಈ ಮುಖಗಳನ್ನ ಬೇರೆ ಬೇರೆ ಗುರುತಿಸಿ, ಆಮೇಲೆ ಜೋಡಿಸು ಅಂದರು. ನಿನ್ನ ಟ್ಯಾಗ್‌ನವರು ಕೇಳ್ತಿರೋದು ಇದನ್ನೇ. ಒಂದು ಪ್ಯಾಚ್ ಕ್ಲೀನೂ ಹೌದು, ‘ಗೀತಾ’ದ್ದೂ ಹೌದು, ಸಿಂಗಲ್ ಕಾಯಿಲ್ ಗಿಟಾರಿಗೆ ಅಂತ ಮಾಡಿದ್ದೂ ಹೌದು, ಬಯಲು ವೇದಿಕೆಯದೂ ಹೌದು. ಅದನ್ನ ಒಂದೇ ಫೋಲ್ಡರ್‌ನಲ್ಲಿ ಕೂಡಿಹಾಕಿದರೆ ಮೂರು ದಾರಿ ಮುಚ್ಚಿಹೋಗುತ್ತೆ.

ಶಿಷ್ಯೆ: ಹಾಗಾದ್ರೆ ಟ್ಯಾಗ್‌ನವರು ಗೆದ್ದರು.

ಮೇಷ್ಟ್ರು: ಅವಸರ ಬೇಡ. ರಂಗನಾಥನ್ ಅಷ್ಟೆಲ್ಲ ಮುಖ ಹೇಳಿದಮೇಲೂ ಪುಸ್ತಕವನ್ನ ಕೊನೆಗೆ ಇಡೋದು ಒಂದು ಕಪಾಟಲ್ಲೇ, ಒಂದು ನಂಬರ್ ಬರೆದು. ಹೋದವನ ಕೈಗೆ ಅದು ಅಲ್ಲೇ ಸಿಗಬೇಕು. ಕತ್ತಲೆ ವೇದಿಕೆಯಲ್ಲಿ ನನ್ನ ಕಾಲಿಗೂ ಹಾಗೇ. ಎಡದಿಂದ ಮೂರನೇ ಸ್ವಿಚ್ ಅಂದ್ರೆ ಲೀಡ್. ಅದು ಇವತ್ತೂ ಅಲ್ಲೇ, ನಾಳೆಯೂ ಅಲ್ಲೇ ಇರಬೇಕು. ಫೋಲ್ಡರ್ ಬೇಕು ಅಂದವನನ್ನ ಕೇಳಿ ನೋಡು, ಅವನಿಗೆ ಬೇಕಿರೋದು ಫೋಲ್ಡರ್ ಅಲ್ಲ, ಜಾಗ ಬದಲಾಗದೇ ಇರೋದು. ಟ್ಯಾಗ್ ಬೇಕು ಅಂದವನು ಮನೇಲಿ ಕೂತು ಹುಡುಕ್ತಿರೋನು. ಫೋಲ್ಡರ್ ಬೇಕು ಅಂದವನು ವೇದಿಕೆ ಮೇಲೆ ನಿಂತಿರೋನು.

ಶಿಷ್ಯೆ: ಬಹಳಷ್ಟು ಸಲ ಅವರಿಬ್ಬರೂ ಒಬ್ಬರೇ ಇರಬಹುದು. ಸೋಮವಾರ ಟ್ಯಾಗ್, ಶನಿವಾರ ಫೋಲ್ಡರ್.

ಮೇಷ್ಟ್ರು: ಸರಿಯಾಗಿ ಹಿಡಿದೆ. ಅದಕ್ಕೇ ಎಷ್ಟು ಮತ ಯಾವ ಕಡೆ ಅಂತ ಎಣಿಸಿ ಪ್ರಯೋಜನ ಇಲ್ಲ. ಯಾವ ಹೊತ್ತಲ್ಲಿ ಬರೆದದ್ದು ಅಂತ ನೋಡಬೇಕು. ಮನೆಗೆ ಹುಡುಕಾಟ ಕೊಡು, ವೇದಿಕೆಗೆ ಸಾಲು ಕೊಡು. ಮನೇಲಿ ಟ್ಯಾಗ್ ಹಿಡಿದು ಹುಡುಕಿದ್ದನ್ನ ಎಳೆದು ತಂದು ಕಾರ್ಯಕ್ರಮದ ಸಾಲಿಗೆ ಹಾಕ್ತೀನಿ. ಒಂದು ಸಲ ಹಾಕಿದಮೇಲೆ ಅದನ್ನ ಯಾರೂ ಅಲುಗಾಡಿಸಬಾರದು, ನಿನ್ನ ತಂತ್ರಾಂಶವೂ ಸೇರಿ.

ಶಿಷ್ಯೆ: ವಾಲ್ಯೂಮ್ ವಿಷಯಕ್ಕೆ ಬರೋಣ. ಇದರಲ್ಲಂತೂ ಭಿನ್ನಮತವೇ ಇಲ್ಲ, ಎಲ್ಲರೂ ಒಂದೇ ಮಾತು: ಕ್ಲೀನ್‌ನಿಂದ ಡಿಸ್ಟಾರ್ಶನ್‌ಗೆ ಹೋದರೆ ಸದ್ದು ನೆಗೆಯುತ್ತೆ, ಎಲ್ಲವನ್ನ ಸಮ ಮಾಡಿ. ಇದಕ್ಕೆ ಉಪಾಯವೂ ಇದೆ. ಮೀಟರ್‌ನಲ್ಲಿ ಅತಿ ಎತ್ತರದ ಮುಳ್ಳನ್ನ ನೋಡಿ ಸಮ ಮಾಡಿದರೆ ಮೋಸ ಹೋಗ್ತೀವಿ. ಕ್ಲೀನ್ ಸದ್ದಲ್ಲಿ ಮೀಟು ಬಿದ್ದ ಕ್ಷಣ ಎತ್ತರ, ಆಮೇಲೆ ಇಳಿದುಹೋಗುತ್ತೆ. ಡಿಸ್ಟಾರ್ಶನ್‌ನಲ್ಲಿ ತಲೆ ಕತ್ತರಿಸಿದ ಹಾಗೆ ಸದ್ದು ಒಂದೇ ಮಟ್ಟದಲ್ಲಿ ತುಂಬಿಕೊಂಡಿರುತ್ತೆ. ಎತ್ತರ ಒಂದೇ ಇದ್ದರೂ ಕಿವಿಗೆ ಅದೇ ಜೋರು. ಅದಕ್ಕೇ ಪ್ರಸಾರದವರಿಗೆ ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 2006ರಲ್ಲಿ ಕಿವಿಗೆ ಅನ್ನಿಸೋ ಜೋರನ್ನ ಅಳೆಯೋ ಮಾನದಂಡ ತಂತು, ಬಿ.ಎಸ್. 1770 ಅಂತ. ಅದನ್ನ ಹಾಕಿದರೆ ಎಲ್ಲ ಪ್ರೀಸೆಟ್ ಸಮ.

ಮೇಷ್ಟ್ರು: ಹಾಕು. ಮುಂದಿನ ತಿಂಗಳ ದೂರು ನಾನೇ ಹೇಳ್ತೀನಿ: ‘ಲೀಡ್ ಕೇಳಿಸ್ತಿಲ್ಲ.’

ಶಿಷ್ಯೆ: ಅರೆ.

ಮೇಷ್ಟ್ರು: ಲೀಡ್ ಪ್ಯಾಚ್ ಮೂರ್ನಾಲ್ಕು ಡೆಸಿಬಲ್ ಮೇಲಿರಬೇಕಾದ್ದೇ. ಕೀಬೋರ್ಡ್, ರಿದಮ್ ಪ್ಯಾಡ್, ಹಾಡೋರು, ಇವರ ನಡುವಿನಿಂದ ಗಿಟಾರ್ ಎದ್ದು ಬರಬೇಕಲ್ಲ. ಜನ ಎಲ್ಲ ಸಮ ಮಾಡಿ ಅಂತ ಕೇಳ್ತಿರೋದು ಸಮ ಬೇಕು ಅಂತಲ್ಲ, ನಾನು ಕೇಳದೇ ಇರೋ ನೆಗೆತ ಬೇಡ ಅಂತ. ಎಲ್ಲರೂ ಒಂದೇ ಮಾತು ಹೇಳಿದರೂ ಆ ಮಾತನ್ನೇ ಮಾಡಿದರೆ ಎಲ್ಲರೂ ಬಯ್ಯೋದು ಖಂಡಿತ.

ಶಿಷ್ಯೆ: ಹಾಗಾದ್ರೆ ಪ್ರತಿ ಪ್ರೀಸೆಟ್‌ಗೆ ಒಂದು ಪಾತ್ರ ಕೊಡಬೇಕು. ರಿದಮ್, ಲೀಡ್, ಹಿನ್ನೆಲೆ. ರಿದಮ್‌ಗಳೆಲ್ಲ ಒಂದು ಮಟ್ಟ, ಲೀಡ್‌ಗಳೆಲ್ಲ ಅದಕ್ಕಿಂತ ಇಷ್ಟು ಮೇಲೆ. ಆ ‘ಇಷ್ಟು’ ಎಷ್ಟು ಅಂತ ನೀವೇ ಇಟ್ಟುಕೊಳ್ಳಿ.

ಮೇಷ್ಟ್ರು: ಹಾಗೆ ಮಾಡು. ಆದರೂ ಅದು ನಿನ್ನ ಕೋಣೆಯೊಳಗಿನ ಲೆಕ್ಕವೇ. ಬೆಲ್ ಲ್ಯಾಬ್ಸ್‌ನಲ್ಲಿ ಫ್ಲೆಚರ್, ಮನ್ಸನ್ ಅಂತ ಇಬ್ಬರು 1933ರಲ್ಲೇ ಅಳೆದು ತೋರಿಸಿದಾರೆ: ಸದ್ದು ಮೆತ್ತಗಿದ್ದಾಗ ಕಿವಿಗೆ ಬಾಸ್ ಕಡಿಮೆ ಕೇಳಿಸುತ್ತೆ, ಜೋರು ಮಾಡಿದ ಹಾಗೆಲ್ಲ ಬಾಸ್ ಏರಿಬರುತ್ತೆ. ರಾತ್ರಿ ಹೆಡ್‌ಫೋನ್ ಹಾಕ್ಕೊಂಡು, ಮನೆಯವರಿಗೆ ತೊಂದರೆ ಆಗದ ಹಾಗೆ ಕೂರಿಸಿದ ಪ್ಯಾಚ್‌ನಲ್ಲಿ ಬಾಸ್ ಸಾಲದು ಅಂತ ಏರಿಸಿರ್ತೀವಿ. ಅದೇ ಪ್ಯಾಚ್ ವೇದಿಕೆ ಮೇಲೆ ಗುಂಯ್ ಅನ್ನುತ್ತೆ. ಆಗ ಜನ ಬರೆಯೋದು ಏನು ಗೊತ್ತಾ? ‘ನಿಮ್ಮ ತಂತ್ರಾಂಶ ನನ್ನ ಪ್ರೀಸೆಟ್ ಕೆಡಿಸಿತು.’

ಶಿಷ್ಯೆ: ಹಾಗೇ ಬರೆದದ್ದೂ ಒಂದಿದೆ ಪಟ್ಟಿಯಲ್ಲಿ! ಕಡತ ತಾಳೆ ಮಾಡಿ ನೋಡಿದೆ, ಒಂದು ಸಂಖ್ಯೆಯೂ ಬದಲಾಗಿರಲಿಲ್ಲ.

ಮೇಷ್ಟ್ರು: ಸಂಖ್ಯೆ ಬದಲಾಗಿಲ್ಲ, ಸುತ್ತಲಿನದೆಲ್ಲ ಬದಲಾಗಿದೆ. ಗಿಟಾರ್ ಬೇರೆ, ಪಿಕಪ್ ಬೇರೆ, ಸ್ಪೀಕರ್ ಬೇರೆ, ಸಭಾಂಗಣ ಬೇರೆ, ಮೀಟೋ ಕೈಯ ಆವೇಶ ಬೇರೆ. ಸಿಂಗಲ್ ಕಾಯಿಲ್‌ಗೆ ಕೂರಿಸಿದ ಗೇನ್‌ಗೆ ಹಂಬಕರ್ ಪಿಕಪ್ ಇರೋ ಗಿಟಾರ್ ಚುಚ್ಚಿದರೆ ಕ್ಲೀನ್ ಅನ್ನೋದೇ ಒಡೆಯುತ್ತೆ. ನೀವು ತಂತ್ರಾಂಶದವರು ಉಳಿಸಿಡೋದು ಟೋನ್‌ನ ಅರ್ಧ. ಮಿಕ್ಕರ್ಧ ನಿಮ್ಮ ಕಡತದಲ್ಲಿ ಇಲ್ಲ.

ಶಿಷ್ಯೆ: ಒಂದು ಪ್ರಶ್ನೆ ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಇಷ್ಟು ಹೊತ್ತು ಹೇಳಿದ್ದರ ಅರ್ಥ, ಬಳಸೋರಿಗೆ ತಮಗೆ ಏನು ಬೇಕು ಅಂತ ಗೊತ್ತಿಲ್ಲ ಅಂತ ತಾನೇ? ನಮ್ಮ ಉದ್ಯಮದಲ್ಲೂ ಈ ಮಾತಿದೆ. ತಂತ್ರಾಂಶ ಬಳಸೋಕೆ ಸುಲಭವಾ ಅಂತ ಅಧ್ಯಯನ ಮಾಡೋ ಜೇಕಬ್ ನೀಲ್ಸನ್ 2001ರಲ್ಲೇ ಬರೆದರು, ಜನ ಏನು ಹೇಳ್ತಾರೆ ಅನ್ನೋದಕ್ಕಿಂತ ಏನು ಮಾಡ್ತಾರೆ ಅಂತ ನೋಡಿ ಅಂತ.

ಮೇಷ್ಟ್ರು: ನೋಡು ಅಂದದ್ದನ್ನ ನಿಮ್ಮವರು ಕೇಳಬೇಡ ಅಂತ ಓದ್ಕೊಂಡುಬಿಡ್ತಾರೆ. ನೋಡೋದು ಕಷ್ಟ, ಕೇಳದೇ ಇರೋದು ಸುಲಭ. ಕೆಂಪರ್ ಹೆಸರು ತೆಗೆದೆಯಲ್ಲ, ಅದರ ಕಥೆ ಹೇಳು.

ಶಿಷ್ಯೆ: ಆ ಯಂತ್ರ ಬಂದದ್ದು 2011ರಲ್ಲಿ. ರಿಗ್‌ಗಳನ್ನ, ಅಂದ್ರೆ ಅದರ ಪ್ರೀಸೆಟ್‌ಗಳನ್ನ, ಜೋಡಿಸಿಡೋಕೆ ರಿಗ್ ಮ್ಯಾನೇಜರ್ ಅನ್ನೋ ತಂತ್ರಾಂಶ ಆಮೇಲೆ ಬಂತು. ಬಳಸೋರು ವರ್ಷಗಟ್ಟಲೆ ಒಂದೇ ಕೇಳ್ತಿದ್ದರು: ಜೋಡಿಸೋಕಷ್ಟೇ ಅಲ್ಲ, ನಾಬ್‌ಗಳನ್ನೂ ಕಂಪ್ಯೂಟರಿನಿಂದಲೇ ತಿರುಗಿಸೋ ಹಾಗೆ ಮಾಡಿ ಅಂತ. ಅದು ರಿಗ್ ಮ್ಯಾನೇಜರ್ 3.0ರಲ್ಲಿ ಬಂದದ್ದು 2019ರ ಹೊತ್ತಿಗೆ.

ಮೇಷ್ಟ್ರು: ಅಲ್ಲಿ ಜನ ಕೇಳಿದ್ದೂ ಬೇಕಾದದ್ದೂ ಒಂದೇ ಆಗಿತ್ತು. ಬಗ್ಗಿ ಸಣ್ಣ ಪರದೆ ನೋಡಿ ಕತ್ತು ನೋಯ್ತಿತ್ತು, ದೊಡ್ಡ ಪರದೆ ಕೇಳಿದರು. ಕಾಯಿಲೆ ಕಣ್ಣಿಗೆ ಕಾಣ್ತಿರುವಾಗ ರೋಗಿ ಹೇಳಿದ ಔಷಧಿಯೇ ಸರಿ ಇರುತ್ತೆ. ಜನರಿಗೆ ಗೊತ್ತಿಲ್ಲ ಅನ್ನೋದನ್ನ ಸೂತ್ರ ಮಾಡ್ಕೊಂಡರೆ ಇಂಥವು ವರ್ಷಗಟ್ಟಲೆ ಕೂತುಬಿಡ್ತವೆ.

ಶಿಷ್ಯೆ: ಎರಡರ ನಡುವಿನ ಉದಾಹರಣೆಯೂ ಇದೆ. ಪ್ರೀಸೆಟ್ ಬದಲಾಯಿಸುವಾಗ ಸದ್ದು ಒಂದು ಕ್ಷಣ ಕಡಿದುಹೋಗುತ್ತೆ, ಡಿಲೇಯ ಬಾಲ ಅಲ್ಲೇ ತುಂಡಾಗುತ್ತೆ. ಯಂತ್ರ ಹಳೇ ಆಂಪನ್ನ ಇಳಿಸಿ ಹೊಸದನ್ನ ಹೊತ್ತುಕೊಳ್ಳಬೇಕಲ್ಲ. ಜನ ಬೇಗ ಬದಲಾಗೋ ಹಾಗೆ ಮಾಡಿ ಅಂದರು. 2016ರಲ್ಲಿ ಹೀಲಿಕ್ಸ್‌ಗೆ ಬಂದ ಹೊಸ ಆವೃತ್ತಿ ಬೇರೇನೇ ದಾರಿ ಹಿಡೀತು, ಸ್ನ್ಯಾಪ್‌ಶಾಟ್ ಅಂತ. ಪ್ರೀಸೆಟ್ ಬದಲಾಯಿಸೋದೇ ಬೇಡ, ಒಂದೇ ಪ್ರೀಸೆಟ್ ಒಳಗೆ ಎಂಟು ಸ್ಥಿತಿ ಇಟ್ಟುಕೊಳ್ಳಿ, ಯಾವ ಪೆಡಲ್ ಇರಬೇಕು, ಗೇನ್ ಎಷ್ಟಿರಬೇಕು ಅಂತ. ಸದ್ದು ಕಡಿಯಲ್ಲ.

ಮೇಷ್ಟ್ರು: ಬೇಗ ಬದಲಾಗಲಿ ಅಂತ ಯಾಕೆ ಕೇಳ್ತಿದಾರೆ ಅಂತ ಯಾರೋ ಯೋಚಿಸಿದ್ದರಿಂದ ಅದು ಹೊಳೀತು. ಪಲ್ಲವಿ ಮುಗಿದು ಲೀಡ್ ಶುರುವಾಗೋ ಸಂದಿಯಲ್ಲಿ ಬಿದ್ದ ಮೌನ ಅವರಿಗೆ ಬೇಡವಾಗಿತ್ತು. ವೇಗ ಅನ್ನೋದು ಆ ಮೌನಕ್ಕೆ ಅವರು ಕೊಟ್ಟ ಹೆಸರು ಅಷ್ಟೇ. ಒಂದು ವಿಷಯ ಗಮನಿಸು. ಪ್ರೀಸೆಟ್‌ಗೆ ಏನು ಹೇಳಿದೆನೋ ನಿನ್ನ ಈ ಪಟ್ಟಿಗೂ ಅದೇ. ‘ವಾಲ್ಯೂಮ್ ಸಮ ಮಾಡಿ’ ಅಂತ ಬರೆದುಕೊಂಡಿದೀಯ. ಯಾವ ಗಿಟಾರ್, ಯಾವ ಹಾಡು, ಮನೆಯೋ ವೇದಿಕೆಯೋ, ಅದಕ್ಕೆ ಮುಂಚೆ ಏನಾಯ್ತು, ಒಂದೂ ಇಲ್ಲ. ನನ್ನ ‘ಕ್ಲೀನ್ ಫೈನಲ್ 2’ ಥರಾನೇ. ಮಾತು ಉಳೀತು, ಕಾರಣ ಹೋಯ್ತು.

ಶಿಷ್ಯೆ: ಅಭಿಪ್ರಾಯ ಬರೆಯೋಕೆ ನಾವು ಕೊಡೋ ಫಾರ್ಮ್‌ನಲ್ಲಿ ಒಂದೇ ಖಾನೆ ಇರೋದು, ‘ನಿಮ್ಮ ಸಲಹೆ’ ಅಂತ.

ಮೇಷ್ಟ್ರು: ಸಲಹೆ ಕೇಳಿದರೆ ಸಲಹೆ ಕೊಡ್ತಾರೆ. ಆ ಖಾನೆ ತೆಗಿ. ‘ಕೊನೆಯ ಸಲ ತೊಂದರೆ ಆದದ್ದು ಯಾವಾಗ, ಎಲ್ಲಿ? ಆಗ ಏನು ನುಡಿಸ್ತಿದ್ದಿರಿ? ಏನಾಗಬೇಕಿತ್ತು, ಏನಾಯ್ತು? ಆಮೇಲೆ ಹೇಗೆ ಸಂಭಾಳಿಸಿದಿರಿ?’ ಈ ನಾಲ್ಕು ಸಾಕು. ಕೊನೇದು ಮುಖ್ಯ. ಹೇಗೆ ಸಂಭಾಳಿಸಿದ ಅನ್ನೋದರಲ್ಲಿ ನಿನ್ನ ಮುಂದಿನ ಆವೃತ್ತಿ ಇರುತ್ತೆ. ನಾನೀಗ ಪ್ರೊಸೆಸರ್ ಪಕ್ಕ ಒಂದು ರಟ್ಟು ಇಟ್ಕೋತೀನಿ, ಹಾಡಿನ ಹೆಸರು ಕನ್ನಡದಲ್ಲಿ, ಅದರ ಮುಂದೆ ಪ್ಯಾಚ್ ನಂಬರ್.

ಶಿಷ್ಯೆ: ರಟ್ಟು ಯಾಕೆ? ಪ್ಯಾಚ್‌ಗೇ ಹಾಡಿನ ಹೆಸರು ಇಡಬಹುದಲ್ಲ?

ಮೇಷ್ಟ್ರು: ಕನ್ನಡದಲ್ಲಿ ಇಡೋಕೆ ಯಂತ್ರ ಬಿಡಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಅರ್ಧ ಹೆಸರಿಗೇ ಜಾಗ ಮುಗಿಯುತ್ತೆ. ನಮ್ಮ ಹಾಡುಗಳ ಹೆಸರು ಅಷ್ಟುದ್ದ, ಅದರ ಮೇಲೆ ಒಂದೇ ಥರ ಶುರುವಾಗೋವು ಎಷ್ಟೋ.

ಶಿಷ್ಯೆ: ಹೌದು, ಅನೇಕ ಯಂತ್ರಗಳಲ್ಲಿ ಹೆಸರಿಗೆ ಹದಿನಾರು ಅಕ್ಷರದಷ್ಟೇ ಜಾಗ. ಮಿಡಿ ಸಂದೇಶದ ಒಂದು ಬೈಟ್‌ನಲ್ಲಿ ಬಳಸೋಕೆ ಸಿಗೋದು ಮತ್ತೆ ಅದೇ ಏಳು ಬಿಟ್, ಅದರಲ್ಲಿ ರೋಮನ್ ಅಕ್ಷರ ಕೂರುತ್ತೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ ಕೊಟ್ಟಿರೋದೂ 128 ಸಂಕೇತಗಳ ಜಾಗವೇ, ಆದರೆ ಅದು ಎಷ್ಟೋ ಮುಂದಿನ ಬೀದಿಯಲ್ಲಿದೆ, ಏಳು ಬಿಟ್‌ಗೆ ಎಟುಕಲ್ಲ. ಯಂತ್ರದ ಪರದೆಯನ್ನ ನಾನು ಬದಲಾಯಿಸೋಕಾಗಲ್ಲ. ಕಂಪ್ಯೂಟರ್‌ನಲ್ಲಿ, ಫೋನ್‌ನಲ್ಲಿ ಪೂರ್ತಿ ಕನ್ನಡ ಹೆಸರು ತೋರಿಸಿ, ಯಂತ್ರಕ್ಕೆ ಚಿಕ್ಕ ರೋಮನ್ ಹೆಸರು ಕಳಿಸಬಹುದು. ಕಾರ್ಯಕ್ರಮದ ಸಾಲನ್ನ ದೊಡ್ಡ ಅಕ್ಷರದಲ್ಲಿ ಮುದ್ರಿಸೋ ಗುಂಡಿ ಕೊಟ್ಟರೆ ನಿಮ್ಮ ರಟ್ಟೂ ತಯಾರು. ಆದರೆ ಮೇಷ್ಟ್ರೇ, ಇದನ್ನ ಒಬ್ಬರೂ ಕೇಳಿರಲಿಲ್ಲ.

ಮೇಷ್ಟ್ರು: ರಟ್ಟು ಇದ್ದವನು ಯಾಕೆ ಕೇಳ್ತಾನೆ? ಅವನ ಕೆಲಸ ಆಗ್ತಿದೆ. ಆಗದೇ ಇದ್ದವನು ನಿನ್ನ ತಂತ್ರಾಂಶ ತೆಗೆದುಹಾಕಿ ಹೋಗಿರ್ತಾನೆ, ಅವನೂ ಬರೆಯಲ್ಲ. ಬರೆಯೋರು ಯಾರು? ಬಿಡುವಿರೋರು, ಇಂಗ್ಲಿಷ್‌ನಲ್ಲಿ ಟೈಪ್ ಮಾಡೋಕೆ ಬರೋರು, ಯಂತ್ರದ ಹುಚ್ಚು ಇರೋರು. ಅವರಿಗೆ ಸಾವಿರ ಪ್ರೀಸೆಟ್ ಇರುತ್ತೆ, ಸಾವಿರಕ್ಕೆ ತಕ್ಕ ಸಲಕರಣೆ ಕೇಳ್ತಾರೆ. ಹತ್ತು ಪ್ಯಾಚ್ ಇಟ್ಕೊಂಡು ಜಾತ್ರೆಯಿಂದ ಜಾತ್ರೆಗೆ ವ್ಯಾನ್‌ನಲ್ಲಿ ಹೋಗೋನ ದನಿ ನಿನ್ನ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಶಿಷ್ಯೆ: ಯಾರೂ ಕೇಳದ ಇನ್ನೊಂದನ್ನೂ ಮಾಡಬೇಕು ಅನ್ನಿಸ್ತಿದೆ. ಫೆಂಡರ್ ಕಂಪನಿಯ ಮಸ್ಟ್ಯಾಂಗ್ ಆಂಪ್‌ಗಳಿಗೆ ಫ್ಯೂಸ್ ಅನ್ನೋ ತಂತ್ರಾಂಶ ಇತ್ತು. ಅದು ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ ಮೇಲೆ ನಿಂತದ್ದು. ಸಿಲ್ವರ್‌ಲೈಟ್‌ಗೆ ಬೆಂಬಲ 2021ರ ಅಕ್ಟೋಬರ್‌ಗೆ ನಿಂತಿತು. ಆಂಪ್ ಚೆನ್ನಾಗೇ ಇರುತ್ತೆ, ಅದರ ಪ್ರೀಸೆಟ್ ಜೋಡಿಸೋ ದಾರಿಗೆ ಮಾತ್ರ ವಯಸ್ಸಾಗಿರುತ್ತೆ. ನಮ್ಮದೂ ಒಂದು ದಿನ ನಿಲ್ಲುತ್ತೆ. ಅದಕ್ಕೆ ಎಲ್ಲ ಹೆಸರು, ಟ್ಯಾಗ್, ಟಿಪ್ಪಣಿಗಳನ್ನ ಯಾವ ಕಂಪ್ಯೂಟರ್‌ನಲ್ಲಾದರೂ ತೆರೆಯೋ ಸಾದಾ ಪಠ್ಯ ಕಡತವಾಗಿ ಹೊರಗೆ ತೆಗೆಯೋ ಸೌಲಭ್ಯ ಮೊದಲ ದಿನದಿಂದಲೇ ಇರಬೇಕು. ಇದನ್ನ ಜನ ಕೇಳೋದು ನಾವು ಬಾಗಿಲು ಹಾಕಿದಮೇಲೆ.

ಮೇಷ್ಟ್ರು: ಇದು ನೀನಾಗೇ ಯೋಚಿಸಿದ್ದು, ಒಳ್ಳೇದು. ಎಲ್ಲವನ್ನೂ ದೂರಿನಿಂದಲೇ ಕಲಿಯೋಕಾಗಲ್ಲ.

ಶಿಷ್ಯೆ: ಬರೆಯದವರ ದನಿಗೆ ಒಂದು ದಾರಿ ಇದೆ. ಯಾವ ಸ್ವಿಚ್ ಒತ್ತಿದರು, ಒತ್ತಿ ಎಷ್ಟು ಬೇಗ ವಾಪಸ್ ಹೋದರು, ಹುಡುಕಾಟದಲ್ಲಿ ಏನು ಟೈಪ್ ಮಾಡಿ ಸಿಗದೇ ಬಿಟ್ಟರು ಅಂತ ತಂತ್ರಾಂಶವೇ ದಾಖಲಿಸಿಕೊಂಡು ನಮಗೆ ಕಳಿಸೋ ಹಾಗೆ ಮಾಡಬಹುದು. ಒಂದು ಪ್ರೀಸೆಟ್ ಒತ್ತಿ ಎರಡು ಸೆಕೆಂಡಿನಲ್ಲಿ ಬೇರೆದಕ್ಕೆ ಹಾರಿದರೆ, ಅದು ತಪ್ಪಿ ಒತ್ತಿದ್ದು ಅಂತ ಅರ್ಥ. ಅವರು ಬಾಯಿ ಬಿಡದೇ ಇದ್ದರೂ ನಮಗೆ ಗೊತ್ತಾಗುತ್ತೆ.

ಮೇಷ್ಟ್ರು: ನನ್ನ ಕಾಲು ಎಲ್ಲಿ ಎಡವಿತು ಅಂತ ನನ್ನನ್ನ ಕೇಳದೆ ನಿನ್ನ ಆಫೀಸಿಗೆ ಯಾಕೆ ಗೊತ್ತಾಗಬೇಕು?

ಶಿಷ್ಯೆ: ನೀವೇ ಹೇಳಿದಿರಿ, ನೋಡೋದು ಕಷ್ಟ ಅಂತ. ಇದು ನೋಡೋದೇ.

ಮೇಷ್ಟ್ರು: ಕಂಡಿಯಿಂದ ನೋಡೋದು. ಅದರ ಮೇಲೆ ಎರಡು ಸೆಕೆಂಡಿನಲ್ಲಿ ಹಾರಿದೆ ಅಂದ್ರೆ ತಪ್ಪಿ ಒತ್ತಿದೆ ಅಂತ ನೀನು ಬರ್ಕೋತೀಯ. ನಾನು ಬೇಕಂತಲೇ ಒಂದು ಮೀಟಿಗೆ ಡಿಸ್ಟಾರ್ಶನ್ ಒತ್ತಿ ಬಿಟ್ಟಿರಬಹುದು. ಮತ್ತೆ ಅದೇ ಕಥೆ, ಸಂಖ್ಯೆ ಇದೆ, ಕಾರಣ ಇಲ್ಲ.

ಶಿಷ್ಯೆ: ಹಾಗಾದ್ರೆ ದಾಖಲೆ ನಿಮ್ಮ ಕಂಪ್ಯೂಟರ್‌ನಲ್ಲೇ ಇರಲಿ. ಕಾರ್ಯಕ್ರಮ ಮುಗಿದ ಮಾರನೇ ದಿನ ತಂತ್ರಾಂಶ ಅದನ್ನ ನಿಮಗೇ ತೋರಿಸಿ ಕೇಳುತ್ತೆ: ‘ಇಲ್ಲಿ ಬೇಗ ಬದಲಾಯಿಸಿದಿರಿ, ಬೇಕಂತಲಾ?’ ನೀವು ಒಂದು ಸಾಲು ಬರೀರಿ, ಇಲ್ಲಾಂದ್ರೆ ಬಿಡಿ. ಬರೆದದ್ದು ಮೊದಲು ನಿಮ್ಮ ಪ್ಯಾಚ್‌ನ ಟಿಪ್ಪಣಿಯಾಗಿ ನಿಮ್ಮ ಹತ್ತಿರ ಉಳಿಯುತ್ತೆ. ನೀವು ಕಳಿಸಿದರೆ ಮಾತ್ರ ನಮಗೆ ಬರುತ್ತೆ.

ಮೇಷ್ಟ್ರು: ಇದಾದ್ರೆ ಒಪ್ಪಿಗೆ. ನನಗೂ ಲಾಭ ಇದೆ, ಆ ಟ್ರೆಬಲ್ ಯಾಕೆ ತಗ್ಗಿಸಿದೆ ಅಂತ ಮುಂದಿನ ವರ್ಷ ನನಗೇ ನೆನಪಾಗುತ್ತೆ. ಕಳಿಸೋ ಗುಂಡಿ ನನ್ನ ಕಡೆ ಇರಲಿ. ನಾನು ಕಳಿಸದೇ ಇದ್ದರೆ ಅದನ್ನೂ ಒಂದು ಅಭಿಪ್ರಾಯ ಅಂತ ತಿಳ್ಕೋ.

ಶಿಷ್ಯೆ: ಅದನ್ನ ಯಾವ ಖಾನೆಯಲ್ಲಿ ಬರ್ಕೊಳ್ಳಲಿ ಮೇಷ್ಟ್ರೇ?

ಮೇಷ್ಟ್ರು: ಅದಕ್ಕೆ ಖಾನೆ ಬೇಡ. ಫೋನ್ ಮಾಡಿ ಕೇಳು.